ಸ್ನೋ ಪೀಸ್, ಸ್ನ್ಯಾಪ್ ಪೀಸ್, ಮಾಮೂಲಿ ಬಟಾಣಿ: ಯಾವ ಅಡುಗೆಗೆ ಯಾವುದು?

ಸೂಪರ್ ಮಾರ್ಕೆಟ್‌ನ ತರಕಾರಿ ಸಾಲಿನಲ್ಲಿ ಹಸಿರು ಕಾಯಿಯ ಎರಡು ಪ್ಯಾಕೆಟ್ ಅಕ್ಕಪಕ್ಕ ಇಟ್ಟಿರುತ್ತಾರೆ. ಒಂದರಲ್ಲಿ ಕಾಯಿ ಚಪ್ಪಟೆ, ಇನ್ನೊಂದರಲ್ಲಿ ದುಂಡು. ಎರಡನ್ನೂ ಸಿಪ್ಪೆ ಸಮೇತ ತಿನ್ನಬಹುದು, ಎರಡಕ್ಕೂ ಮಾಮೂಲಿ ಬಟಾಣಿಗಿಂತ ಬೆಲೆ ಜಾಸ್ತಿ. ಯಾವುದನ್ನು ತರೋಣ ಅಂತ ಕೇಳಿದವರಿಗೆ ನಾನು ಮೊದಲು ಕೇಳುವುದು ಒಂದೇ: ಇವತ್ತು ಏನು ಅಡುಗೆ?

ಪಲ್ಯ ಅಥವಾ ಕೋಸಂಬರಿ ಮಾಡುವುದಾದರೆ ದುಂಡನೆಯ ಸ್ನ್ಯಾಪ್ ಪೀಸ್ ತನ್ನಿ. ನೂಡಲ್ಸ್, ಫ್ರೈಡ್ ರೈಸ್, ಬೆಳ್ಳುಳ್ಳಿ ಹಾಕಿ ಜೋರು ಉರಿಯಲ್ಲಿ ಬಾಡಿಸುವ ತರಕಾರಿ ಆದರೆ ಚಪ್ಪಟೆಯ ಸ್ನೋ ಪೀಸ್. ಸಾಗು, ಕುರ್ಮ, ಪಲಾವ್, ಬಿಸಿಬೇಳೆ ಬಾತ್ ಆದರೆ ಎರಡನ್ನೂ ಬಿಟ್ಟು ಮಾಮೂಲಿ ಬಟಾಣಿಯನ್ನೇ ಬಿಡಿಸಿಕೊಳ್ಳಿ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಊಟವೇನೂ ಕೆಡುವುದಿಲ್ಲ. ಆದರೆ ಕೊಟ್ಟ ದುಡ್ಡಿಗೆ ತಕ್ಕ ರುಚಿ ಬರುವುದಿಲ್ಲ.

ವ್ಯತ್ಯಾಸ ಇರುವುದು ಸಿಪ್ಪೆಯಲ್ಲಿ

ಮಾಮೂಲಿ ಬಟಾಣಿಯ ಬಲಿತ ಕಾಯಿಯೊಂದನ್ನು ಬಿಡಿಸಿ, ಕಾಳು ತೆಗೆದು, ಸಿಪ್ಪೆಯ ಒಂದು ಹೋಳನ್ನು ಒಳಮುಖವಾಗಿ ಮಡಚಿ ಮುರಿದು ನೋಡಿ. ಹೊರಗಿನ ಹಸಿರು ತಿರುಳು ಟಕ್ಕೆಂದು ಮುರಿಯುತ್ತದೆ, ಒಳಗಿನ ತೆಳ್ಳನೆಯ ಪೊರೆ ಮಾತ್ರ ಮುರಿಯದೆ ನಿಲ್ಲುತ್ತದೆ. ಅದನ್ನು ಮೆಲ್ಲಗೆ ಎಳೆದರೆ ಉದ್ದಕ್ಕೂ ಸುಲಿದು ಬರುತ್ತದೆ. ಎಷ್ಟು ಅಗಿದರೂ ಬಾಯಲ್ಲಿ ಉಳಿಯುವುದು ಈ ಪೊರೆಯೇ. ಇದು ವಿಷವಲ್ಲ, ಹಲ್ಲಿಗೆ ಬಗ್ಗದ ನಾರು ಅಷ್ಟೆ. ಉತ್ತರ ಭಾರತದ ಎಷ್ಟೋ ಮನೆಗಳಲ್ಲಿ ಚಳಿಗಾಲದ ಎಳೆ ಬಟಾಣಿಯ ಸಿಪ್ಪೆಯಿಂದ ಈ ಪೊರೆಯನ್ನು ಒಂದೊಂದಾಗಿ ಸುಲಿದು, ಉಳಿದದ್ದಕ್ಕೆ ಆಲೂಗಡ್ಡೆ ಸೇರಿಸಿ ಪಲ್ಯ ಮಾಡುತ್ತಾರೆ. ಕೈಕೆಲಸ ಜಾಸ್ತಿ, ಆದರೆ ಒಳ್ಳೆಯ ಪಲ್ಯ.

ಸಿಪ್ಪೆ ಸಮೇತ ತಿನ್ನುವ ತಳಿಗಳಲ್ಲಿ ಆ ಪೊರೆ ಗಟ್ಟಿಯಾಗಿ ಬೆಳೆಯುವುದೇ ಇಲ್ಲ. ಶಾಲೆಯಲ್ಲಿ ಓದಿದ ಮೆಂಡಲ್‌ನ ಬಟಾಣಿ ಪ್ರಯೋಗ ನೆನಪಿದ್ದರೆ, ಆತ ಹೋಲಿಸಿದ ಏಳು ಗುಣಗಳಲ್ಲಿ ಕಾಯಿಯ ಆಕಾರವೂ ಒಂದು. ಪೊರೆ ಇರುವ ಕಾಯಿ ಒಣಗಿದ ಮೇಲೂ ಉಬ್ಬಿಕೊಂಡೇ ಇರುತ್ತದೆ. ಪೊರೆ ಇಲ್ಲದ ಕಾಯಿಗೆ ಆಧಾರವಿಲ್ಲ, ಹಾಗಾಗಿ ಒಣಗುತ್ತಾ ಕಾಳು ಕಾಳಿನ ನಡುವೆ ಕುಗ್ಗುತ್ತದೆ. ಎರಡನೇ ಪೀಳಿಗೆಯಲ್ಲಿ ಮೆಂಡಲ್ ಎಣಿಸಿದ್ದು ಉಬ್ಬಿದ ಕಾಯಿಯ 882 ಗಿಡ, ಕುಗ್ಗಿದ ಕಾಯಿಯ 299 ಗಿಡ. ನಾವು ಬಾಯಿಪಾಠ ಮಾಡಿದ ಮೂರಕ್ಕೆ ಒಂದರ ಲೆಕ್ಕದಲ್ಲಿ ಆ 'ಒಂದು' ಭಾಗ ಸಿಪ್ಪೆ ತಿನ್ನುವ ಜಾತಿಯ ಕಾಯಿ.

ಸ್ನೋ ಪೀಸ್ ಹಳೆಯ ಕಾಲದಿಂದ ಇರುವುದು. ಪೊರೆಯಿಲ್ಲ, ಗೋಡೆಯೂ ತೆಳು. ಕಾಳು ಇನ್ನೂ ಸಾಸಿವೆಗಿಂತ ಸ್ವಲ್ಪ ದೊಡ್ಡದಾಗಿರುವಾಗಲೇ ಕೊಯ್ಯುತ್ತಾರೆ. ಇದರಲ್ಲಿ ತಿನ್ನುವುದು ಸಿಪ್ಪೆಯನ್ನೇ. ರುಚಿ ಸೌಮ್ಯ, ಸ್ವಲ್ಪ ಹಸಿರು ಹುಲ್ಲಿನ ಪರಿಮಳ, ಸಿಹಿ ಕಡಿಮೆ.

ಸ್ನ್ಯಾಪ್ ಪೀಸ್ ನಮ್ಮ ಕಾಲದ್ದು. ಅಮೆರಿಕದ ಐಡಹೋ ರಾಜ್ಯದ ಟ್ವಿನ್ ಫಾಲ್ಸ್ ಊರಿನಲ್ಲಿ ಬೀಜದ ಕಂಪನಿಯೊಂದರ ತಳಿ ವಿಜ್ಞಾನಿಯಾಗಿದ್ದ ಕ್ಯಾಲ್ವಿನ್ ಲ್ಯಾಂಬಾರ್ನ್, ದಪ್ಪ ಗೋಡೆಯ ಕಾಯಿ ಬಿಡುವ ಬಟಾಣಿಯೊಂದನ್ನು ಸ್ನೋ ಪೀಸ್ ಜೊತೆ ಸಂಕರ ಮಾಡಿ ಇದನ್ನು ತಂದರು. 'ಶುಗರ್ ಸ್ನ್ಯಾಪ್' ಎಂಬ ಆ ತಳಿಗೆ 1979ರಲ್ಲಿ, ಹೊಸ ತಳಿಗಳನ್ನು ಬೆಳೆಸಿ ಪರೀಕ್ಷಿಸುವ ಆಲ್ ಅಮೆರಿಕ ಸೆಲೆಕ್ಷನ್ಸ್ ಸಂಸ್ಥೆಯ ಚಿನ್ನದ ಪದಕ ಬಂತು. ಒಂದು ಗಿಡದಿಂದ ದಪ್ಪ ಗೋಡೆ, ಇನ್ನೊಂದರಿಂದ ಪೊರೆಯಿಲ್ಲದ ಗುಣ. ಇಲ್ಲಿ ಕಾಳು ಪೂರ್ತಿ ತುಂಬಿದ ಮೇಲೆ ಕೊಯ್ಯುವುದರಿಂದ ಸಿಹಿ ಕಾಳೂ ಸಿಗುತ್ತದೆ, ರಸ ತುಂಬಿದ ಸಿಪ್ಪೆಯೂ ಸಿಗುತ್ತದೆ. ಹಸಿಯಾಗಿ ಕಚ್ಚಿ ತಿನ್ನುವುದಕ್ಕೆ ಇದರಷ್ಟು ಒಳ್ಳೆಯ ಬಟಾಣಿ ಬೇರೆ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಸಿಪ್ಪೆ ಸಮೇತ ತಿನ್ನುವ ಬಟಾಣಿ ತಳಿಗಳನ್ನು ಕೊಟ್ಟಿದೆ: ಅರ್ಕಾ ಸಂಪೂರ್ಣ, ಅರ್ಕಾ ಅಪೂರ್ವ. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ್ದು 'ಮೀಠೀ ಫಲೀ'. ಬೆಂಗಳೂರಿನ ಅಂಗಳದಲ್ಲಿ ಸಂಶೋಧನೆಯಾದ ತರಕಾರಿ ಬೆಂಗಳೂರಿನ ಸಂತೆಯಲ್ಲಿ ಇನ್ನೂ ಅಪರೂಪ ಅನ್ನುವುದು ಬೇಸರದ ಸಂಗತಿ. ರೈತರು ಬೆಳೆಯಬೇಕಾದರೆ ಕೊಳ್ಳುವ ನಾವು ಕೇಳಬೇಕು.

ಕೊಳ್ಳುವಾಗ ಏನು ನೋಡಬೇಕು

ಮೊದಲು ತೊಟ್ಟು ನೋಡಿ. ಕಾಯಿಯ ಮೈ ನೋಡಿ ಮೋಸ ಹೋಗಬಹುದು, ತೊಟ್ಟು ಸುಳ್ಳು ಹೇಳುವುದಿಲ್ಲ. ತೊಟ್ಟಿನ ಸುತ್ತಲಿನ ಪುಟ್ಟ ಎಲೆಗಳು ಹಸಿರಾಗಿ ನೆಟ್ಟಗಿದ್ದರೆ ಕಾಯಿ ಹೊಸದು. ಕಂದಾಗಿ ಮುದುಡಿದ್ದರೆ ಕೊಯ್ದು ದಿನಗಳಾಗಿವೆ. ಆಮೇಲೆ ಒಂದು ಕಾಯಿಯನ್ನು ಮಧ್ಯಕ್ಕೆ ಬಗ್ಗಿಸಿ. ಸ್ನ್ಯಾಪ್ ಪೀಸ್ ಸದ್ದು ಮಾಡಿ ಮುರಿಯಬೇಕು, ಮುರಿದ ಜಾಗದಲ್ಲಿ ನೀರಿನ ಪಸೆ ಕಾಣಬೇಕು. ರಬ್ಬರಿನ ಹಾಗೆ ಬಗ್ಗಿದರೆ ವಾಪಸ್ ಇಡಿ. ಪ್ಯಾಕೆಟ್ ಮುಚ್ಚಿದ್ದರೆ ಹೊರಗಿನಿಂದಲೇ ಮೆಲ್ಲಗೆ ಅಲ್ಲಾಡಿಸಿ. ತಾಜಾ ಕಾಯಿಗಳು ಒಂದಕ್ಕೊಂದು ಉಜ್ಜಿ ಕಿರ್ ಕಿರ್ ಅನ್ನುತ್ತವೆ.

ಸ್ನೋ ಪೀಸ್ ಆದರೆ ಬೆಳಕಿಗೆ ಹಿಡಿದು ನೋಡಿ. ಒಳಗಿನ ಕಾಳಿನ ನೆರಳು ಸಣ್ಣ ಚುಕ್ಕಿಯಾಗಿ ಕಂಡರೆ ಸರಿ. ಕಾಯಿಯ ಹೊಟ್ಟೆ ಉಬ್ಬಿ ಕಾಳು ಗುಂಡಾಗಿ ಎದ್ದಿದ್ದರೆ ಬಲಿತಿದೆ ಎಂದರ್ಥ. ಅಂಥದ್ದರ ಅಂಚಿನ ನಾರು ದಪ್ಪ, ಸಿಪ್ಪೆ ಸಪ್ಪೆ. ಸ್ನ್ಯಾಪ್ ಪೀಸ್‌ನಲ್ಲಿ ಇದರ ಉಲ್ಟಾ, ಕಾಳು ತುಂಬಿರಬೇಕು. ಚಪ್ಪಟೆಯಾಗಿದ್ದರೆ ಅವಸರದಲ್ಲಿ ಕೊಯ್ದದ್ದು, ಸಿಹಿ ಇನ್ನೂ ಬಂದಿರುವುದಿಲ್ಲ. ಆದರೆ ಸಿಪ್ಪೆ ಮಂಕಾಗಿ, ಕಾಳು ಒಂದಕ್ಕೊಂದು ಒತ್ತಿಕೊಂಡು ಚೌಕವಾಗಿದ್ದರೆ ಹದ ಮೀರಿದೆ. ಮೈ ಮೇಲೆ ಬಿಳಿ ಗೀರು ಇದ್ದರೆ ಚಿಂತೆಯಿಲ್ಲ, ಗಾಳಿಗೆ ಬಳ್ಳಿ ಉಜ್ಜಿದ ಗುರುತು. ಹಳದಿ ತಿರುಗಿದ್ದು, ಪ್ಯಾಕೆಟ್ ಒಳಗೆ ನೀರು ನಿಂತು ಲೋಳೆಯಾದದ್ದು ಬೇಡ.

ಮಾಮೂಲಿ ಬಟಾಣಿಯ ಲೆಕ್ಕ ಬೇರೆ. ಒಂದು ಕಿಲೋ ಕಾಯಿ ಬಿಡಿಸಿದರೆ ಹೆಚ್ಚುಕಡಿಮೆ ಅರ್ಧ ಕಿಲೋ ಕಾಳು, ಕಾಯಿ ಪೊಳ್ಳಾಗಿದ್ದರೆ ಅದಕ್ಕಿಂತಲೂ ಕಮ್ಮಿ. ಸ್ನೋ ಪೀಸ್, ಸ್ನ್ಯಾಪ್ ಪೀಸ್‌ನಲ್ಲಿ ನಾರು, ತೊಟ್ಟು ಬಿಟ್ಟರೆ ಎಲ್ಲವೂ ಬಾಣಲೆಗೆ ಹೋಗುತ್ತದೆ. ಬೆಲೆ ಹೋಲಿಸುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹಾಗೆ ಲೆಕ್ಕ ಹಾಕಿದರೂ ನಮ್ಮ ಊರಲ್ಲಿ ಇವು ದುಬಾರಿಯೇ, ನಿಜ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಂತೆಗೆ ಬಟಾಣಿ ರಾಶಿ ರಾಶಿ ಬರುವಾಗ, ಮನೆ ಮಂದಿಗೆಲ್ಲ ಸಾಕಾಗುವಷ್ಟು ಪಲ್ಯಕ್ಕೆ ಸ್ನ್ಯಾಪ್ ಪೀಸ್ ಕೊಳ್ಳುವ ಬದಲು ಎಳೆ ಬಟಾಣಿ ಕೊಳ್ಳುವುದೇ ಬುದ್ಧಿವಂತಿಕೆ. ಸ್ನ್ಯಾಪ್ ಪೀಸ್ ಇನ್ನೂರು ಗ್ರಾಂ ತಂದು ಕೋಸಂಬರಿಗೆ ಹಾಕಿ, ಅಲ್ಲಿ ಅದರ ಬೆಲೆ ಪೂರ್ತಿ ಸಾರ್ಥಕವಾಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಪರಿಸ್ಥಿತಿ ಬೇರೆ. ಅಮೆರಿಕದಲ್ಲಿ ಸ್ನ್ಯಾಪ್ ಪೀಸ್ ದಿನನಿತ್ಯದ ತರಕಾರಿ, ತಾಜಾ ಬಟಾಣಿ ಕಾಯಿಯೇ ಅಪರೂಪ. ಅಲ್ಲಿ ಸಿಗುವ ಸ್ನೋ ಪೀಸ್‌ನಲ್ಲಿ ಬಹಳಷ್ಟು ಗ್ವಾಟೆಮಾಲಾದಿಂದ ಬರುತ್ತದೆ. ಬ್ರಿಟನ್‌ನ ಅಂಗಡಿಗಳಲ್ಲಿ ಚಪ್ಪಟೆ ಕಾಯಿ 'ಮಾಂಜ್‌ಟೂ' ಎಂಬ ಚೀಟಿ ಹೊತ್ತಿರುತ್ತದೆ, ಬಹಳ ಸಲ ಕೀನ್ಯಾದಲ್ಲಿ ಬೆಳೆದದ್ದು. ದುಂಡು ಕಾಯಿ ಅಲ್ಲೂ 'ಶುಗರ್ ಸ್ನ್ಯಾಪ್'. ಅಷ್ಟು ದೂರ ಪ್ರಯಾಣ ಮಾಡಿ ಬಂದದ್ದರಲ್ಲಿ ತೊಟ್ಟು ನೋಡುವುದು ಇನ್ನೂ ಮುಖ್ಯ. ಊರ ರೈತರ ಸಂತೆ ನಡೆಯುವ ಕಡೆ ಇದ್ದರೆ ವಸಂತ ಕಾಲದ ಕೊನೆಗೆ, ಬೇಸಿಗೆಯ ಮೊದಲಿಗೆ ಅಲ್ಲಿ ಕೊಳ್ಳಿ. ಬೆಳಿಗ್ಗೆ ಕೊಯ್ದ ಕಾಯಿಗೂ ವಾರದ ಹಿಂದೆ ಕೊಯ್ದದ್ದಕ್ಕೂ ರುಚಿಯಲ್ಲಿ ಅಜಗಜಾಂತರ.

ಅದಕ್ಕೆ ಕಾರಣ ಸಕ್ಕರೆ. ಕೊಯ್ದ ಮೇಲೂ ಬಟಾಣಿ ಜೋರಾಗಿ ಉಸಿರಾಡುತ್ತಲೇ ಇರುತ್ತದೆ, ತನ್ನಲ್ಲಿರುವ ಸಕ್ಕರೆಯನ್ನು ಖರ್ಚು ಮಾಡುತ್ತದೆ, ಉಳಿದದ್ದನ್ನು ಹಿಟ್ಟಾಗಿ ಮಾರ್ಪಡಿಸುತ್ತದೆ. ಸೆಕೆಯಿದ್ದಷ್ಟೂ ಇದು ಬೇಗ ನಡೆಯುತ್ತದೆ. ಹಾಗಾಗಿ ತಂದ ತಕ್ಷಣ ಫ್ರಿಜ್ಜಿಗೆ. ತೊಳೆಯಬೇಡಿ. ಒಣ ಬಟ್ಟೆಯಲ್ಲಿ ಸುತ್ತಿ, ಬಾಯಿ ಸ್ವಲ್ಪ ತೆರೆದ ಕವರಿನಲ್ಲಿಟ್ಟು, ಎರಡು ಮೂರು ದಿನದಲ್ಲಿ ಮುಗಿಸಿ. ಫ್ರೀಜರಿನ ವಿಷಯಕ್ಕೆ ಬಂದರೆ ಬಿಡಿಸಿದ ಬಟಾಣಿ ಕಾಳಿಗೆ ಅದು ಬಹಳ ಒಗ್ಗುತ್ತದೆ. ಸ್ನೋ, ಸ್ನ್ಯಾಪ್ ಎರಡೂ ಫ್ರೀಜರಿನಿಂದ ಹೊರಬಂದರೆ ಮೆತ್ತಗೆ ಜೋತುಬೀಳುತ್ತವೆ. ಕರುಂ ಕುರುಂ ಅನ್ನದ ಸ್ನ್ಯಾಪ್ ಪೀಸ್‌ಗೆ ಯಾಕೆ ದುಡ್ಡು ಕೊಡಬೇಕು? ಫ್ರೋಜನ್ ಬೇಕಿದ್ದರೆ ಕಾಳನ್ನೇ ಕೊಳ್ಳಿ.

ನಾರು ತೆಗೆಯುವುದು

ಪ್ಯಾಕೆಟ್ ಮೇಲೆ ನಾರಿಲ್ಲದ್ದು ಎಂದು ಬರೆದಿದ್ದರೂ ಒಂದೆರಡು ಕಾಯಿ ಪರೀಕ್ಷೆ ಮಾಡಿ. ತೊಟ್ಟಿನ ತುದಿಯನ್ನು ಉಗುರಿನಿಂದ ಚಿವುಟಿ, ಪೂರ್ತಿ ಕಿತ್ತುಹಾಕದೆ, ಕಾಯಿಯ ನೇರ ಬದಿಯ ಉದ್ದಕ್ಕೂ ಕೆಳಕ್ಕೆ ಎಳೆಯಿರಿ. ನಾರು ದಾರವಾಗಿ ಬರುತ್ತದೆ. ಸ್ನ್ಯಾಪ್ ಪೀಸ್‌ಗೆ ಎರಡೂ ಬದಿಯಲ್ಲಿ ನಾರಿರುತ್ತದೆ, ಅದಕ್ಕೇ ಬಾಲದ ತುದಿಯಿಂದ ಇನ್ನೊಂದು ಬದಿಗೂ ಎಳೆಯಬೇಕು. ಎಳೆಯ ಸ್ನೋ ಪೀಸ್‌ಗೆ ಒಂದು ಬದಿ ಸಾಕು. ಈ ಕೆಲಸ ಬಿಟ್ಟು ಬೇಯಿಸಿದರೆ ಎಷ್ಟು ಬೆಂದರೂ ನಾರು ಕರಗುವುದಿಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ಊಟದ ಖುಷಿಯನ್ನೇ ಕೆಡಿಸುತ್ತದೆ. ಮಕ್ಕಳಿಗೆ ಕೊಡುವಾಗಲಂತೂ ಬಿಡಲೇಬೇಡಿ. ತೀರಾ ಚಿಕ್ಕ ಮಕ್ಕಳಿಗೆ ದುಂಡು ಕಾಯನ್ನು ಇಡಿಯಾಗಿ ಕೊಡದೆ ಉದ್ದಕ್ಕೆ ಸೀಳಿ, ಕಾಳನ್ನು ಜಜ್ಜಿ ಕೊಡಿ, ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಬೇಯಿಸುವ ಹದ

ಇವೆರಡರ ವೈರಿ ಕುಕ್ಕರ್. ಒಂದು ಸೀಟಿ ಕೂಗಿಸಿದರೂ ಮುಗಿಯಿತು. ಮಾಮೂಲಿ ಬಟಾಣಿ ಕಾಳು ತೆಂಗಿನಕಾಯಿ ಮಸಾಲೆಯಲ್ಲಿ ಹತ್ತು ನಿಮಿಷ ಕುದಿದರೆ ಇನ್ನೂ ರುಚಿ, ಅದರೊಳಗೆ ಮಸಾಲೆ ಇಳಿಯುತ್ತದೆ. ಅದೇ ಸಾಗುವಿಗೆ ಸ್ನೋ ಪೀಸ್ ಹಾಕಿದರೆ ಬಣ್ಣ ಪಾಚಿಗಟ್ಟಿ, ಕಾಯಿ ಜೋಲುಬಿದ್ದು, ಸಾಗುವಿಗೆ ಏನನ್ನೂ ಕೊಡದೆ ಕೂರುತ್ತದೆ. ಸ್ನೋ ಪೀಸ್‌ಗೆ ಕುದಿಯುವ ಉಪ್ಪುನೀರಿನಲ್ಲಿ ಅರ್ಧ ನಿಮಿಷ ಸಾಕು, ಸ್ನ್ಯಾಪ್ ಪೀಸ್‌ಗೆ ಒಂದೂವರೆಯಿಂದ ಎರಡು ನಿಮಿಷ. ತೆಗೆದ ಕೂಡಲೇ ತಣ್ಣೀರಿಗೆ ಹಾಕಿದರೆ ಹಸಿರು ನಿಲ್ಲುತ್ತದೆ.

ಹುಳಿಯ ಬಗ್ಗೆ ಎಚ್ಚರ ಇರಲಿ. ಹುಣಸೆಹಣ್ಣು, ಟೊಮೆಟೊ, ನಿಂಬೆರಸ ಯಾವುದು ಮೊದಲೇ ಬಿದ್ದರೂ ಹಸಿರು ಕಂದಿ ಆಲಿವ್ ಬಣ್ಣಕ್ಕೆ ತಿರುಗುತ್ತದೆ, ಹುಳಿಗೆ ಪತ್ರಹರಿತ್ತು ಕೆಡುವುದರಿಂದ ಹೀಗಾಗುತ್ತದೆ. ಹುಳಿ ಬೇಕಾದರೆ ಒಲೆ ಆರಿಸಿದ ಮೇಲೆ ಹಾಕಿ. ಬಣ್ಣಕ್ಕೆಂದು ಅಡುಗೆ ಸೋಡಾ ಹಾಕುವ ಅಭ್ಯಾಸ ಕೆಲವರಿಗಿದೆ. ಅದರಿಂದ ಹಸಿರೇನೋ ಉಳಿಯುತ್ತದೆ, ಆದರೆ ಸಿಪ್ಪೆ ಕರಗುವಷ್ಟು ಮೆತ್ತಗಾಗುತ್ತದೆ, ಸಿ ವಿಟಮಿನ್ ಹಾಳಾಗುತ್ತದೆ. ದಯವಿಟ್ಟು ಬೇಡ.

ಸ್ನ್ಯಾಪ್ ಪೀಸ್ ಪಲ್ಯ ಹೀಗೆ ಮಾಡಿ. ಕಾಲು ಕಿಲೋ ಕಾಯಿಯ ನಾರು ತೆಗೆದು, ಒಂದೊಂದನ್ನು ಓರೆಯಾಗಿ ಎರಡು ಹೋಳು ಮಾಡಿ. ಬಾಣಲೆಯಲ್ಲಿ ಎರಡು ಚಮಚ ಕೊಬ್ಬರಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಒಂದು ಬ್ಯಾಡಗಿ ಮೆಣಸಿನಕಾಯಿ, ಚಿಟಿಕೆ ಇಂಗು, ಕರಿಬೇವು. ಉದ್ದಿನಬೇಳೆ ಕೆಂಪಾದ ಮೇಲೆ ಕಾಯಿ ಹಾಕಿ, ಉರಿ ಜೋರು ಮಾಡಿ, ಉಪ್ಪು ಉದುರಿಸಿ, ಒಂದು ಚಮಚ ನೀರು ಚಿಮುಕಿಸಿ. ಮುಚ್ಚಳ ಮುಚ್ಚಬೇಡಿ. ಮೂರು ನಿಮಿಷ ಕೈಯಾಡಿಸಿ. ಕಾಯಿಯ ಬಣ್ಣ ಗಾಢ ಹಸಿರಾಗಿ ಮಿಂಚಿದಾಗ ಒಂದನ್ನು ಕಚ್ಚಿ ನೋಡಿ. ಹಸಿವಾಸನೆ ಹೋಗಿ ಗರಿಗರಿ ಉಳಿದಿದ್ದರೆ ಆಯಿತು, ತೆಂಗಿನ ತುರಿ ಹಾಕಿ ಇಳಿಸಿಬಿಡಿ. ಬೆಲ್ಲ ಹಾಕುವ ಮನೆಯವರೂ ಇಲ್ಲಿ ಬೆಲ್ಲ ಬಿಡಬಹುದು, ಕಾಯಲ್ಲೇ ಸಾಕಷ್ಟು ಸಿಹಿಯಿದೆ. ಬಿಸಿ ಅನ್ನ, ತಿಳಿಸಾರಿನ ಜೊತೆ ಇದು ನನಗೆ ಬೀನ್ಸ್ ಪಲ್ಯಕ್ಕಿಂತ ಇಷ್ಟ. ಬಾಣಲೆಯಲ್ಲೇ ಬಿಟ್ಟರೆ ಬಿಸಿಗೆ ಇನ್ನೂ ಬೇಯುತ್ತದೆ, ಬೇರೆ ಪಾತ್ರೆಗೆ ತೆಗೆಯಿರಿ.

ಕೋಸಂಬರಿಗೆ ಒಲೆಯೇ ಬೇಡ. ಅರ್ಧ ಬಟ್ಟಲು ಹೆಸರುಬೇಳೆ ಒಂದು ಗಂಟೆ ನೆನೆಸಿ ಬಸಿದಿಡಿ. ಒಂದು ಬಟ್ಟಲು ಹಸಿ ಸ್ನ್ಯಾಪ್ ಪೀಸನ್ನು ಅಡ್ಡಕ್ಕೆ ತೆಳ್ಳಗೆ ಹೆಚ್ಚಿ. ಪ್ರತಿ ಬಿಲ್ಲೆಯ ನಡುವೆ ಕಾಳಿನ ತುಂಡೊಂದು ಕೂತಿರುತ್ತದೆ, ನೋಡುವುದಕ್ಕೂ ಚೆಂದ. ತೆಂಗಿನ ತುರಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಸಾಸಿವೆ ಇಂಗಿನ ಒಗ್ಗರಣೆ. ಉಪ್ಪು, ನಿಂಬೆರಸ ಎಲೆಗೆ ಬಡಿಸುವ ಸ್ವಲ್ಪ ಮುಂಚೆ. ಸೌತೆಕಾಯಿಯಷ್ಟು ನೀರು ಬಿಡುವುದಿಲ್ಲವಾದ್ದರಿಂದ ಡಬ್ಬಿಗೆ ಕಟ್ಟಿಕೊಂಡು ಹೋಗುವುದಕ್ಕೂ ಒಳ್ಳೆಯದು. ಸ್ನೋ ಪೀಸ್‌ನಲ್ಲಿ ಇದನ್ನು ಮಾಡಿದರೆ ಸಪ್ಪೆ ಅನಿಸುತ್ತದೆ.

ಸ್ನೋ ಪೀಸ್‌ನ ನಿಜವಾದ ಮನೆ ಚೀನೀ ಅಡುಗೆ. ಸಿಗಡಿ, ಮಾಂಸ, ಅಣಬೆ ಯಾವುದರ ಜೊತೆಗೂ ಕೊನೆಯ ಗಳಿಗೆಯಲ್ಲಿ ಬಾಣಲೆಗೆ ಬೀಳುವ ಕಾಯಿ ಅದು. ಜಪಾನಿನಲ್ಲಿ ತೆಳ್ಳಗೆ ಸೀಳಿ ಅನ್ನದ ಮೇಲೆ ಹಸಿರಿಗೆಂದು ಇಡುತ್ತಾರೆ. ಮನೆಯಲ್ಲಿ ಮಾಡುವಾಗ ಎರಡು ವಿಷಯ ಗಮನಿಸಿದರೆ ಸಾಕು. ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿ, ಒದ್ದೆ ಕಾಯಿ ಹುರಿಯುವುದಿಲ್ಲ, ಬೇಯುತ್ತದೆ. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ, ಒಂದು ಸಲಕ್ಕೆ ಇನ್ನೂರು ಗ್ರಾಂಗಿಂತ ಹೆಚ್ಚು ಹಾಕಬೇಡಿ. ಎಣ್ಣೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಕಾಯಿ, ಉಪ್ಪು, ಒಂದೂವರೆ ನಿಮಿಷ, ಇಳಿಸಿ ನಾಲ್ಕು ಹನಿ ಎಳ್ಳೆಣ್ಣೆ. ಸೋಯಾ ಸಾಸ್ ಹಾಕುವುದಾದರೆ ಉಪ್ಪು ತಗ್ಗಿಸಿ. ಇದನ್ನು ಚಿತ್ರಾನ್ನದ ಮೇಲೆ ಸೀಳಿ ಉದುರಿಸಿದರೂ ಹೊಂದುತ್ತದೆ. ನಮ್ಮ ಕಡೆಯ ಅಡುಗೆಯಲ್ಲಿ ಸ್ನೋ ಪೀಸ್‌ಗೆ ನಾನು ಕಂಡ ಒಳ್ಳೆಯ ಜಾಗ ಅದೊಂದೇ.

ಪೌಷ್ಟಿಕತೆಯ ಮಾತು ಬೇಗ ಹೇಳಿ ಮುಗಿಸುತ್ತೇನೆ. 100 ಗ್ರಾಂ ಹಸಿ ಸ್ನೋ ಅಥವಾ ಸ್ನ್ಯಾಪ್ ಪೀಸ್‌ನಲ್ಲಿ ಸುಮಾರು 42 ಕ್ಯಾಲೊರಿ, 7.5 ಗ್ರಾಂ ಕಾರ್ಬೊಹೈಡ್ರೇಟ್, 60 ಮಿಲಿಗ್ರಾಂ ಸಿ ವಿಟಮಿನ್. ಅಷ್ಟೇ ತೂಕದ ಬಿಡಿಸಿದ ಬಟಾಣಿಯಲ್ಲಿ 81 ಕ್ಯಾಲೊರಿ, 14.5 ಗ್ರಾಂ ಕಾರ್ಬೊಹೈಡ್ರೇಟ್, 40 ಮಿಲಿಗ್ರಾಂ ಸಿ ವಿಟಮಿನ್. ಸಕ್ಕರೆ ಕಾಯಿಲೆ ಇರುವವರು ತಟ್ಟೆ ತುಂಬ ತರಕಾರಿ ಬೇಕೆಂದರೆ ಸಿಪ್ಪೆಯ ಬಟಾಣಿ ಅನುಕೂಲ. ಪ್ರೋಟೀನ್ ಬೇಕೆಂದರೆ ಕಾಳೇ ಸರಿ, ಅದರಲ್ಲಿ 5.4 ಗ್ರಾಂ, ಸಿಪ್ಪೆಯದರಲ್ಲಿ 2.8.

ಕುಂಡದಲ್ಲಿ ಬೆಳೆಯುವವರಿಗೆ

ಅಂಗಡಿಯಲ್ಲಿ ಒಳ್ಳೆಯದು ಸಿಗದ ಊರಿನವರಿಗೆ ನಾನು ಹೇಳುವುದು, ನೀವೇ ಹಾಕಿ. ಬೆಂಗಳೂರು, ಮೈಸೂರು ಕಡೆ ಅಕ್ಟೋಬರ್, ನವೆಂಬರ್ ಬಿತ್ತನೆಗೆ ಸರಿ, ಸೆಕೆ ಏರಿದರೆ ಹೂವು ಉದುರುತ್ತದೆ. ಮೊದಲ 'ಶುಗರ್ ಸ್ನ್ಯಾಪ್' ತಳಿ ಆಳೆತ್ತರ ಹಬ್ಬುವ ಬಳ್ಳಿ, ಗಟ್ಟಿ ಚಪ್ಪರ ಬೇಕು. ಬಾಲ್ಕನಿಗೆ 'ಶುಗರ್ ಆ್ಯನ್' ತರಹದ ಗಿಡ್ಡ ತಳಿ ವಾಸಿ. ಎಲೆ ಮೇಲೆ ಬೂದಿ ಚೆಲ್ಲಿದಂತೆ ಕಾಣುವ ಬೂದಿ ರೋಗ ಬಟಾಣಿಗೆ ಬೇಗ ಬರುತ್ತದೆ, ಹಾಗಾಗಿ ರೋಗ ತಡೆಯುವ ತಳಿಯೇ ಇರಲಿ. ಬಟಾಣಿ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ಒಂದೆರಡು ಕಾಯಿ ಒಣಗಲು ಬಿಟ್ಟು ಬೀಜ ಉಳಿಸಿಕೊಂಡರೂ ಮುಂದಿನ ವರ್ಷ ಅದೇ ತಳಿ ಬರುತ್ತದೆ. ಕೊಯ್ಲು ಶುರುವಾದ ಮೇಲೆ ಎರಡು ದಿನಕ್ಕೊಮ್ಮೆ ಕೀಳಿ. ಬಲಿತ ಕಾಯಿ ಬಳ್ಳಿಯಲ್ಲಿ ಉಳಿದರೆ ಹೊಸ ಹೂವು ಕಮ್ಮಿಯಾಗುತ್ತದೆ. ಎಳೆ ಕುಡಿಯನ್ನೂ ಬೆಳ್ಳುಳ್ಳಿ ಜೊತೆ ಬಾಡಿಸಿ ತಿನ್ನಬಹುದು.

ಒಂದು ಎಚ್ಚರಿಕೆ: ಹೂವಿಗಾಗಿ ಬೆಳೆಸುವ ಸ್ವೀಟ್ ಪೀ ಬೇರೆಯೇ ಗಿಡ, ಅದರ ಕಾಯಿ ಬಟಾಣಿಯಂತೆ ಕಂಡರೂ ವಿಷ. ಮಕ್ಕಳಿರುವ ಮನೆಯಲ್ಲಿ ಎರಡನ್ನೂ ಒಂದೇ ಚಪ್ಪರಕ್ಕೆ ಹಬ್ಬಿಸಬೇಡಿ. ಬಿತ್ತನೆಗೆಂದು ಔಷಧ ಲೇಪಿಸಿ ಮಾರುವ ಬೀಜವನ್ನು ಅಡುಗೆಗೆ ಬಳಸಬೇಡಿ.

ಎಷ್ಟು ಜಾಗ್ರತೆ ಮಾಡಿದರೂ ಕೆಲವು ಕಾಯಿ ಕಣ್ಣು ತಪ್ಪಿಸಿ ಬಲಿಯುತ್ತವೆ. ಅಂಥ ಸ್ನೋ ಪೀಸ್ ಅನ್ನು ಸಿಪ್ಪೆ ಸಮೇತ ಬೇಯಿಸುವ ಹಟ ಬೇಡ. ಬಿಡಿಸಿ ಕಾಳನ್ನು ಉಪ್ಪಿಟ್ಟಿಗೋ ಹುಳಿಗೋ ಹಾಕಿ. ಸಿಪ್ಪೆಯನ್ನು ಶುಂಠಿ, ಕಾಳುಮೆಣಸಿನ ಜೊತೆ ಕುದಿಸಿ ಸೋಸಿದರೆ ಸೂಪಿಗೆ ಒಳ್ಳೆಯ ತಿಳಿ ಸಿಗುತ್ತದೆ.